ಲಕ್ಕಿ ಅತ್ತೆಯ ನಾಟಿ ಹಾಡು ಸಿಗುವವರೆಗೆ

ಉದಯಾ,

ನಮ್ಮ ಹಾಡಿನ ಬ್ಲಾಗಿನ ನಕಲು ಪೆನ್‌ಡ್ರೈವಿಗೆ ಇಳಿಯುತ್ತಿದೆ. ಲ್ಯಾಪ್‌ಟಾಪ್ ಮುಚ್ಚಬೇಡ. ಬ್ಲಾಗಿನ ತಂತ್ರಾಂಶಕ್ಕೆ ಹೊಸ ಆವೃತ್ತಿ ಹಾಕು ಎಂದು ಅದು ಎಷ್ಟೇ ಕೇಳಿದರೂ ಗುಂಡಿ ಒತ್ತಬೇಡ. ಹೋದ ಸಲ ನಕಲಿಲ್ಲದೆ ನೀನು ಒತ್ತಿದ್ದಕ್ಕೇ ಲಕ್ಕಿ ಅತ್ತೆಯ ನಾಟಿ ಹಾಡು ಅಳಿಸಿಹೋಯಿತು.

ಮನೆಯಲ್ಲೇ ಇನ್ನೊಮ್ಮೆ ಹಾಡು ಎಂದರೆ ಅತ್ತೆ ನಕ್ಕುಬಿಟ್ಟಳು: "ಗದ್ದೆಗೆ ಇಳೀದೆ ಎಂತ ಹಾಡೂದು ತಂಗಿ? ಸಸಿ ಕೈಲಿದ್ರೇ ಹಾಡು ಬತ್ತದೆ." ಅವಳ ಈ ವರ್ಷದ ಕೊನೆಯ ನಾಟಿ ಇವತ್ತು, ಮಿರ್ಜಾನದಲ್ಲಿ. ಫೋನಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಹೊರಟಿದ್ದೇನೆ. ಹಾಡು ಸಿಗದೆ ಬರುವುದಿಲ್ಲ.

ಒಣಸೀಗಡಿ ಚಟ್ನಿ ಮಾಡಿಟ್ಟಿದ್ದೇನೆ. ನಕಲು ಮುಗಿದ ಮೇಲೆ ಒಮ್ಮೆ ತೆರೆದು ನೋಡಿ, ಉಂಡು, ನೀನೂ ಬಾ. ಅತ್ತೆ ಹೇಳಿದ ಸಾಲನ್ನು ತಿರುಗಿ ಎತ್ತುವವರು ಬೇಕು. ಅವಳನ್ನು ಬಿಟ್ಟರೆ ಆ ಹಾಡು ಬರುವುದು ನಿನಗೊಬ್ಬನಿಗೇ.

ಹೊಸ ಆವೃತ್ತಿಯನ್ನು ಬಂದ ಮೇಲೆ ಇಬ್ಬರೂ ಕೂತು ಹಾಕೋಣ. ಗುಂಡಿ ನೀನೇ ಒತ್ತು.

ವಿನುತಕ್ಕ