ಬೀಟ್ ಬೇಡ, ಮೈಕ್ ಮಾತ್ರ

ಮಾರ್ಚ್ 3, ಸೋಮವಾರ
ಬೆಳಗಿನ ಪಾಳಿ. ಹೋಟೆಲ್ ಬೆಡ್‌ಶೀಟು ಒಗೆದು, ಒಣಗಿಸಿ, ಮಡಚಿ, ಮತ್ತೆ ಒಗೆದು... ತೋಳು ಎತ್ತೋಕಾಗ್ತಿಲ್ಲ. ಸೂಪರ್‌ವೈಸರ್ ಏನೋ ಕೇಳಿದ್ರು. ಉತ್ತರ 'ಪ'ದಿಂದ ಶುರು. 'ಪ' ಗಂಟಲಲ್ಲೇ ಕೂತ್ಬಿಡ್ತು. "ಇರ್ಲಿ ಬಿಡಪ್ಪ" ಅಂದ್ರು. ಪಿಲ್ಲೋ ಕವರ್ ಎಲ್ಲಿದೆ ಅಂತ ಅವರಿಗೆ ಇನ್ನೂ ಗೊತ್ತಿಲ್ಲ.

ಮಾರ್ಚ್ 5
ಜ್ವರ. ರಜೆ. ಮಲಗಿದ್ರೆ ಅಜ್ಜಿ ನೆನಪು.
ಮನೆ ಪ್ರಾರ್ಥನೇಲಿ ಸರದಿ ಪ್ರಕಾರ ಬೈಬಲ್ ಓದ್ಬೇಕಿತ್ತು. ನನ್ನ ಸರದಿ ಬಂದ್ರೆ ಅಪ್ಪ ನೆಲ ನೋಡೋರು. ಅವರು ಚರ್ಚ್ ಸಭೆಯ ಹಿರಿಯರು, ಮಗ ಉಗ್ಗ. ಅಜ್ಜಿ ಮಾತ್ರ ಮಂಚದ ಕಾಲಿಗೆ ಉಗುರಲ್ಲಿ ತಟ್ಟೋಳು — ಟಕ್, ಟಕ್. "ಇದ್ರ ಮೇಲೆ ಕಾಲಿಟ್ಕೊಂಡು ದಾಟು ಮಗಾ." ದಾಟ್ದೆ. ಇಡೀ ಕೀರ್ತನೆ, ಒಂದ್ಸಲವೂ ಮುಗ್ಗರಿಸದೆ.
ಆಮೇಲೆ ಯಾರದ್ದೋ ಫೋನಲ್ಲಿ ಮೊದಲ ಸಲ ರ‍್ಯಾಪ್ ಕೇಳಿದಾಗ ಆಶ್ಚರ್ಯವೇ ಆಗ್ಲಿಲ್ಲ. ಅಯ್ಯೋ, ಇದು ನಮ್ಮಜ್ಜಿ ಕೆಲ್ಸ ಅಲ್ವಾ!
ಅಜ್ಜಿ ಮಣ್ಣಾದ ವಾರವೇ ನಾನು ಬರೆಯೋಕೆ ಕೂತಿದ್ದು.

ಮಾರ್ಚ್ 8
ಸ್ಟುಡಿಯೋ. ಅಲ್ಲಿನ ಅಣ್ಣನಿಗೆ 'ಹೆಡ್‌ಫೋನ್' ಅಂತಲೇ ಹೆಸರು, ಊಟಕ್ಕೂ ತೆಗೆಯಲ್ಲ. ನನ್ನ ಹಾಡು ಕೇಳ್ದ —

ಸಮಾಧಿ ಬಾಗಿಲ ಕಲ್ಲು ಉರುಳಿಸಿದ ಯೇಸು,
ನನ್ನ ಗಂಟಲಲ್ಲೂ ಒಂದಿದೆ, ಕೈ ಜೋಡಿಸು...

"ಬೆಂಕಿ ಕಣೋ!" ಅಂದ. ಆಡಿಯೋ ಕಂಪನಿಯವರಿಗೆ ಕಳಿಸ್ತಾನಂತೆ. "ಒಂದೇ ತಕರಾರು. ಯೇಸು ಬದ್ಲು ಬೇಬಿ ಅಂತ ಹಾಕು. ಅಳತೆಗೂ ಸರಿ ಕೂರತ್ತೆ."
ಸರಿಯಾಗೇ ಕೂರತ್ತೆ. ಅದೇ ಸಂಕಟ.

ಮಾರ್ಚ್ 14
ಭಾನುವಾರ ಯುವಕರ ಆರಾಧನೆ. ಅಲ್ಲಿ ಈ ಹಾಡು ಹಾಡ್ತೀನಿ ಅಂತ ಕೇಳಿದ್ದೆ. ಹಿರಿಯರು ಸಭೆ ಸೇರಿದ್ರು, ಅಪ್ಪನೂ ಇದ್ರು. ಪಾಸ್ಟರ್ ಅಯ್ಯನವರು ಬಂದು ಹೆಗಲ ಮೇಲೆ ಕೈ ಇಟ್ರು. "ಸಾಕ್ಷಿ ಹೇಳಪ್ಪ. ಆದ್ರೆ ಆ ಡಬಡಬ ದೇವರ ಮನೇಲಿ ಬೇಡ. ಮೈಕ್ ಮಾತ್ರ."
ಅಪ್ಪ ನನ್ನ ಪರ ಒಂದು ಮಾತೂ ಆಡ್ಲಿಲ್ಲವಂತೆ.
ಒಬ್ರಿಗೆ ಯೇಸು ಬೇಡ, ಒಬ್ರಿಗೆ ಬೀಟ್ ಬೇಡ. ಎರಡೂ ತೆಗೆದ್ರೆ ಉಳಿಯೋದು ಉಗ್ಗು.

ಮಾರ್ಚ್ 16, ಭಾನುವಾರ, ಮಧ್ಯಾಹ್ನ
ಹೇಳ್ದೆ. ಅದೇ ಹಾಡು, ಬೀಟ್ ಇಲ್ಲದೆ. 'ಸ'ದಲ್ಲೇ ನಿಂತೆ. ಸ... ಸ... ಮೈಕ್ ಅದನ್ನೇ ದೊಡ್ಡದು ಮಾಡಿ ಗೋಡೆಗೆಲ್ಲ ಬಡೀತು. ಮುಂದಿನ ಬೆಂಚಲ್ಲಿ ಯಾರೋ ಕಿಸಕ್ ಅಂದ್ರು. ಅಯ್ಯನವರು "ಸಾಕು ಮಗನೇ, ದೇವರಿಗೆ ಗೊತ್ತು" ಅಂತ ಎದ್ರು. ನಾನು ತಲೆ ಅಲ್ಲಾಡಿಸ್ದೆ. ಮುಗಿಸಿಯೇ ಇಳಿಯೋದು. ಅಂಗಿ ಒದ್ದೆ. ಕೊನೇ ಸಾಲು ಮುಗಿದಾಗ ಆಮೆನ್ ಅನ್ನೋಕೂ ಯಾರಿಗೂ ತೋಚಲಿಲ್ಲ.
ದಾರಿಯುದ್ದಕ್ಕೂ ಅಪ್ಪ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ್ರು.
ಮನೆಗೆ ಬಂದು ಹೆಡ್‌ಫೋನ್‌ಗೆ ಮೆಸೇಜ್: ಯೇಸು ತೆಗೆಯಲ್ಲ ಅಣ್ಣ. ಕಳಿಸ್ಬೇಡ.
ಸುಸ್ತು. ಮೂಳೆವರೆಗೂ ಸುಸ್ತು.

ಮಾರ್ಚ್ 29
ಬರೆಯೋಕೆ ಮನಸ್ಸೇ ಬಂದಿರ್ಲಿಲ್ಲ. ಕೆಲಸ, ನಿದ್ದೆ, ಕೆಲಸ.
ಇವತ್ತು ಅಪ್ಪ ಶೂಗೆ ಪಾಲಿಶ್ ಹಾಕ್ತಾ, ತಲೆ ಎತ್ತದೆ —
"ಆ ಡಬಡಬ ಇದ್ರೆ ಸಲೀಸಾಗಿ ಬರ್ತಿತ್ತಾ?"
"ಹೂಂ."
"ನಿನ್ನೆ ಹಿರಿಯರ ಸಭೇಲಿ ಹೇಳ್ದೆ. ಮುಂದಿನ ಸಲ ಹುಡುಗನಿಗೆ ಅದೂ ಕೊಡಿ ಅಂತ."
"ಏ... ಏನಂದ್ರು?"
"ಆಗಲ್ಲ ಅಂದ್ರು." ಬ್ರಷ್ ನಿಂತಿತು. "ಹಾಗಾದ್ರೆ ನನ್ನ ಕುರ್ಚಿಗೂ ಬೇರೆಯವ್ರನ್ನ ನೋಡ್ಕೊಳ್ಳಿ ಅಂತ ಎದ್ದು ಬಂದೆ."
ಹಿರಿಯರ ಆ ಕುರ್ಚಿ ಅಂದ್ರೆ ಅಪ್ಪನಿಗೆ ಜೀವ. ಇನ್ನೊಂದು ಶೂ ತಗೊಂಡು ಪಾಲಿಶ್ ಹಾಕ್ದೆ.

ಏಪ್ರಿಲ್ 5, ಸ್ಟುಡಿಯೋ
ಕಂಪನಿ ಆಸೆ ಬಿಟ್ಟಾಯ್ತು. ಹೆಡ್‌ಫೋನ್ ಬಿಡ್ಲಿಲ್ಲ. "ನಿನ್ನ ಹಣೆಬರಹ. ಬಾ, ಇರೋ ಹಾಗೇ ರೆಕಾರ್ಡ್ ಮಾಡೋಣ."
ಅಪ್ಪನೂ ಬಂದಿದ್ದಾರೆ. ಚರ್ಚಿಗೆ ಹಾಕೋ ಕೋಟು. ಸ್ಟೂಲ್ ಮೇಲೆ ನೆಟ್ಟಗೆ ಕೂತು, ಕಣ್ಣು ಮುಚ್ಚಿ ಕೇಳಿದ್ರು. ಮುಗಿದ್ಮೇಲೆ ಗಂಟಲು ಸರಿ ಮಾಡ್ಕೊಂಡ್ರು.
"ಚೆನ್ನಾಗಿದೆ. ಆದ್ರೆ ಸ್ವಲ್ಪ ನಿಧಾನವಾಗಿ ಹೇಳು. ಇಷ್ಟು ಬೇಗ ಓಡಿದ್ರೆ ನನ್ನಂಥವ್ರಿಗೆ ಹಿಡಿಯೋಕಾಗಲ್ಲ."
ಹುಟ್ಟಿದಾಗಿಂದ ಒಬ್ಬರೂ ನನಗೆ ನಿಧಾನವಾಗಿ ಹೇಳು ಅಂದಿರ್ಲಿಲ್ಲ. ನಗು ಬಂತು, ಅದರ ಹಿಂದೇನೇ ಇನ್ನೇನೋ —
ಹೆಡ್‌ಫೋನ್ ಕೈ ಎತ್ತಿದ. ಮತ್ತೆ ಮೊದಲಿಂದ ಹಾಡ್ಬೇಕಂತೆ. ಅಪ್ಪ ಸ್ಟೂಲನ್ನ ಹತ್ತಿರ ಎಳ್ಕೊಂಡು ಕೂತ್ರು.