ಒಂದು ಚಮಚ ನೀರು

ಜುಲೈ 8, ಮಂಗಳವಾರ. ಹುನಗುಂದ
ಶಾಲೆಯಿಂದ ಬಂದು ರೊಟ್ಟಿ ಬಡಿದೆ. ಮಗಳು ಜಯಶ್ರೀ ತಿನ್ನಲಿಲ್ಲ. ಹೊಟ್ಟೆ ಹಿಡಿದುಕೊಂಡು ಮಲಗಿದ್ದಾಳೆ. ಅಪೆಂಡಿಕ್ಸ್ ಆಪರೇಷನ್ ಆಗಿ ವರ್ಷವಾಯಿತು — ಮತ್ತೇನು ನೋವು? ಅತ್ತೆ ಹರಳೆಣ್ಣೆ ಕುಡಿಸಿದರು.
"ಹೊಟ್ಟಿ ಕಟ್ಟೇತಿ, ಅಷ್ಟ. ಮುಂಜಾನಿ ಆರಾಮ ಆಕ್ಕೈತಿ."

ಜುಲೈ 9, ಬೆಳಿಗ್ಗೆ
ವಾಂತಿ. ಹಸಿರು. ಹೊಟ್ಟೆ ಬಿಗಿದು ಉಬ್ಬಿದೆ. ಇವರು ಇಳಕಲ್ ಬಸ್ಸಿನ ಡ್ಯೂಟಿ ಬಿಟ್ಟು ಬಂದರು. ಬಾಗಲಕೋಟೆಗೆ ಹೊರಟಿದ್ದೇವೆ.

ಸಂಜೆ, ಆಸ್ಪತ್ರೆ
ಸ್ಕ್ಯಾನ್ ಆಯಿತು. ಹಳೆಯ ಆಪರೇಷನ್ನಿನ ಗಾಯ ಮಾಯುವಾಗ ಒಳಗೆ ಕರುಳು ಅಂಟಿಕೊಂಡಿದೆಯಂತೆ. ದಾರಿ ಕಟ್ಟಿದೆ. ಮೂಗಿನಲ್ಲಿ ನಳಿಗೆ, ಕೈಗೆ ಸಲಾಯಿನ್.
"ಸ್ವಲ್ಪ ಕಾದು ನೋಡೋಣ್ರಿ," ಡಾಕ್ಟರ್ ಮೇಡಂ. "ತಾನ ಬಿಚ್ಚಿದ್ರ ಚಲೋ. ಬಾಯಿಗೆ ಹನಿ ನೀರೂ ಬ್ಯಾಡ."
ಹರಳೆಣ್ಣೆಯ ವಿಷಯ ಹೇಳಿದೆ. ಕೊಡಬಾರದಿತ್ತು ಅಂದರು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅವರ ಕಡೆ ತಿರುಗಲಿಲ್ಲ ನಾನು.

ಜುಲೈ 10
"ಅವ್ವಾ, ನೀರು." ಬೆಳಗಿನಿಂದ ಇದೊಂದೇ. ಒದ್ದೆ ಹತ್ತಿಯಿಂದ ತುಟಿ ಒರೆಸಿದೆ. ಹತ್ತಿಯನ್ನೇ ಚೀಪಲು ನೋಡಿದಳು. ಕಿತ್ತುಕೊಂಡೆ.
"ನೀ ನಮ್ಮವ್ವ ಅಲ್ಲ ಬಿಡು."
ಮೂರನೇ ಕ್ಲಾಸಿನ ಹುಡುಗಿ...
ಅತ್ತೆ ಹೊರಗೆ ಬೆಂಚಿನ ಮೇಲೆ. ಅವರೂ ಏನೂ ಮುಟ್ಟಿಲ್ಲ. "ಅವ್ವನ ಜೋಡಿ ಒಂದ ಮಾತ ಆಡ," ಇವರು ಅಂದರು. ಆಡಲಿಲ್ಲ.

ಜುಲೈ 11
ಜ್ವರ. ನೋವು ಹೆಚ್ಚಾಗಿದೆ. ಇನ್ನು ಕಾಯುವಂತಿಲ್ಲ, ಆಪರೇಷನ್ ಮಾಡಲೇಬೇಕಂತೆ. ಸಹಿ ಮಾಡಬೇಕಿದ್ದ ಕಾಗದವನ್ನು ಇವರು ನನ್ನ ಕಡೆ ಸರಿಸಿದರು. ನಾನು ಮಾಡಿದೆ. ಒಳಗೆ ಒಯ್ಯುವಾಗ ಜಯಶ್ರೀ ನನ್ನ ಕಡೆ ನೋಡಲಿಲ್ಲ.

ಜುಲೈ 14
ಬರೆಯಲು ಆಗಿರಲಿಲ್ಲ. ಕರುಳಿನ ಒಂದು ತುಂಡು ಕಪ್ಪಾಗಿತ್ತು. ಕತ್ತರಿಸಿ ಜೋಡಿಸಿದ್ದಾರೆ.
"ನನ್ನ ಎಣ್ಣಿಯಿಂದ ಆತೇನು?" ಅತ್ತೆ ಇವತ್ತು ಕೇಳಿದರು. ಕೇಳಲು ಅವರಿಗೆ ಇಷ್ಟು ದಿನ ಬೇಕಾಯಿತು. ಮೇಡಂ ನನಗೆ ಸ್ಕ್ಯಾನ್ ಆದ ದಿನವೇ ಹೇಳಿದ್ದರು — ಎಣ್ಣೆ ಕುಡಿಸುವ ಮೊದಲೇ ಕರುಳು ಕಟ್ಟಿಕೊಂಡಿತ್ತು ಅಂತ.
"ಅಲ್ರಿ ಅತ್ತಿ."
ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಯಾಕೆ ಮೊದಲೇ ಹೇಳಲಿಲ್ಲ ನಾನು...

ಜುಲೈ 16
ಗ್ಯಾಸ್ ಹೋಯಿತು, ಕರುಳು ಕೆಲಸ ಶುರುಮಾಡಿದೆಯಂತೆ. ನಳಿಗೆ ತೆಗೆದರು. ಒಂದೊಂದೇ ಚಮಚ ನೀರು ಕೊಡಬಹುದು. ಚಮಚ ಒಯ್ದೆ. ಬಾಯಿ ಬಿಗಿ ಹಿಡಿದಳು.
"ನೀ ಬ್ಯಾಡ. ಆಯಿ ಕುಡಸಲಿ."
ಅತ್ತೆ ಹಾಸಿಗೆಯ ತನಕ ಬಂದರು. ಕೈ ಹಿಂದಕ್ಕೆಳೆದರು. "ನಾ ಒಲ್ಲೆವ್ವಾ. ನೀನ ಕುಡಸ."
ಚಮಚ ಅವರ ಕೈಗಿಟ್ಟೆ. ಕೆಳಗಿಂದ ಅವರ ಮುಂಗೈ ಹಿಡಿದೆ. ಜಯಶ್ರೀ ನುಂಗಿದಳು. ಅತ್ತೆಯನ್ನು ನೋಡಿದಳು. ಆಮೇಲೆ ನನ್ನನ್ನು. "ಅವ್ವಾ, ಇನ್ನೊಂದ."