ಸೋಸಿ ಕಳಿಸಿದ ನೀರು

ಭಾನುವಾರ, ಹದಿನಾಲ್ಕನೇ ತಾರೀಖು

ನನ್ನ ಬಾಯಿಬಡುಕಿ ಮಗಳಿಗೆ,

ಚೆನ್ನಾಗಿದ್ದೀಯಾ? ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಅಪ್ಪ ಇದ್ದಾನೋ ಇಲ್ಲವೋ ಎಂದು ಅಮ್ಮನಿಗೆ ಫೋನ್ ಮಾಡಿ ಕೇಳಿದೆಯಂತೆ. ಇದ್ದೇನೆ, ಬಯ್ಯಬೇಡ. ಬರೆಯಲು ಕೂತಾಗಲೆಲ್ಲ ಅರ್ಧಕ್ಕೇ ಹರಿದು ಹಾಕಿದೆ.

ಅಮ್ಮನ ಮಂಡಿನೋವು ಹಾಗೇ ಇದೆ, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ನಾನು ಮುಂದಿನ ತಿಂಗಳು ನಿವೃತ್ತ. ಶಾಲೆಯ ಪ್ರಯೋಗಾಲಯದ ಬೀಗದ ಕೈಯನ್ನು ಹೊಸ ವಿಜ್ಞಾನ ಮೇಷ್ಟ್ರಿಗೆ ಈಗಲೇ ಕೊಟ್ಟುಬಿಟ್ಟೆ.

ನೀನು ಕೇಳಿದ್ದು ಒಂದೇ ಒಂದು ಫೋಟೋ. ಇಟ್ಟಿಗೆ ಭಟ್ಟಿಯವರ ಕೇರಿಯಲ್ಲಿ ನೀವು ಹಾಕಿಸಿದ ಕೈಪಂಪಿನದು. ಅದನ್ನು ತೋರಿಸಿ ನಿನ್ನ ವಿದ್ಯಾರ್ಥಿಗಳಿಂದ ಇನ್ನೂ ಹತ್ತು ಕೇರಿಗೆ ಹಣ ಎತ್ತಿಸುತ್ತೇನೆ ಅಂದಿದ್ದೀಯ. ಎಂಟು ವರ್ಷದ ಹಿಂದೆ ನೀವು ಹತ್ತನೇ ತರಗತಿಯವರು ಮಾಡದ ಕೆಲಸ ಯಾವುದಿತ್ತು! ಭಾನುವಾರವೆಲ್ಲ ಊರವರ ಸ್ಕೂಟರ್ ತೊಳೆದಿರಿ, ಹಳೇ ಪೇಪರ್ ಹೊತ್ತಿರಿ. ಮೊದಲ ನೀರು ಚಿಮ್ಮಿದಾಗ ನೀನು ಬಟ್ಟೆ ಸಮೇತ ಅದರಡಿ ನಿಂತುಬಿಟ್ಟೆ.

ಮಗಳೇ, ಕುಡಿಯಬಾರದೆಂಬ ಗುರುತಿಗೆ ಆ ಪಂಪಿಗೆ ಈಗ ಕೆಂಪು ಬಣ್ಣ ಬಳಿದಿದ್ದಾರೆ. ನೀರಿನಲ್ಲಿ ಆರ್ಸೆನಿಕ್ ವಿಷವಿದೆ. ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು, ಕಾಯಿಸಿದರೂ ಹೋಗದು. ಕೇರಿಯವರ ಅಂಗೈಗಳು ಗಂಟುಗಟ್ಟಿವೆ, ಎದೆಯ ಮೇಲೆ ಕಪ್ಪು ಚುಕ್ಕೆಗಳು. ಭಟ್ಟಿ ಕೆಲಸದ ಕೈ ಇರುವುದೇ ಹಾಗೆ ಎಂದು ಎಲ್ಲರೂ ಸುಮ್ಮನಿದ್ದೆವು. ಆರೋಗ್ಯ ಕೇಂದ್ರದ ನರ್ಸಮ್ಮ ಕೆಲಸಕ್ಕೆ ಹೋಗದ ಮಕ್ಕಳ ಕೈ ನೋಡಿದರು. ಅವೂ ಹಾಗೇ ಇದ್ದವು.

ನೀರು ಪರೀಕ್ಷಿಸಲು ಬಂದ ಎಂಜಿನಿಯರ್, "ಹಾಗಾದ್ರೆ ಪಂಪ್ ಹಾಕಿಸಿದಾಗಿನ ಲ್ಯಾಬ್ ರಿಪೋರ್ಟ್ ಹೇಗೆ ಸರಿ ಬಂತು ಸಾರ್?" ಅಂದ. ನನಗೆ ಗೊತ್ತಿತ್ತು. ನೀವು ಸ್ಯಾಂಪಲ್ ನೀರನ್ನು ಎರಡು ದಿನ ಇಟ್ಟು, ಸೋಸು ಕಾಗದದಲ್ಲಿ ಮೂರು ಸಲ ಸೋಸಿ ಕಳಿಸಿದ್ದಿರಿ. ಅಷ್ಟು ದೊಡ್ಡ ಲ್ಯಾಬಿಗೆ ಗಲೀಜು ನೀರು ಕಳಿಸುವುದಾ ಎಂದು! ಡಾಕ್ಟರ ಹತ್ತಿರ ಹೋಗುವಾಗ ಮಗುವಿನ ಮುಖ ತೊಳೆದ ಹಾಗೆ. ನೀರಿನಲ್ಲಿದ್ದ ಕಬ್ಬಿಣ ತುಕ್ಕಾಗಿ ಕಾಗದದಲ್ಲಿ ಉಳಿಯಿತು, ವಿಷವೂ ಅದಕ್ಕಂಟಿಕೊಂಡು ಬಹುಪಾಲು ಅಲ್ಲೇ ಉಳಿಯಿತು.

ಕೇರಿಗೆ ಹೋಗಿ, ಕುಡಿಯಬೇಡಿ ಎಂದು ಕೈಮುಗಿದೆ. ಪಂಪಿನ ಪಕ್ಕದ ಮನೆಯ ಅಜ್ಜಿ ಬಿಂದಿಗೆ ಕೆಳಗಿಡಲಿಲ್ಲ. "ಮೇಷ್ಟ್ರೇ, ಈ ಪಂಪ್ ಬರೋ ಮೊದ್ಲು ಆ ಹೊಂಡದ ನೀರು ಕುಡಿದು ನನ್ನ ಎರಡು ಮೊಮ್ಮಕ್ಕಳು ಒಂದೇ ವಾರದಲ್ಲಿ ಹೋದ್ವು. ಇದು ನಿಧಾನಕ್ಕೆ ಕೊಲ್ಲುತ್ತೆ ಅಂತೀರಿ. ನಿಧಾನದ್ದೇ ಇರ್ಲಿ ಬಿಡಿ" ಅಂದರು. ಟ್ಯಾಂಕರ್ ಎರಡು ವಾರ ಬಂತು, ಆಮೇಲೆ ನಿಂತಿತು. ಕಚೇರಿಗಳಿಗೆ ಅಲೆದು ಚಪ್ಪಲಿ ಸವೆದದ್ದೇ ಬಂತು. ಕೆಂಪು ಪಂಪಿನ ಮುಂದೆ ಈಗಲೂ ಮೊದಲಿನಷ್ಟೇ ಸಾಲು.

ಫೋಟೋ ಕಳಿಸಲಾರೆ. ನಿನ್ನ ವಿದ್ಯಾರ್ಥಿಗಳಿಗೆ ಹೇಳು, ನೀರು ಹೇಗಿದೆಯೋ ಹಾಗೇ ಪರೀಕ್ಷೆಗೆ ಕಳಿಸಲಿ. ನೀನಾಗ ಹದಿನಾರರ ಹುಡುಗಿ. ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ. ಹೊತ್ತು ಹೊತ್ತಿಗೆ ಊಟ ಮಾಡು. ನೂರು ಕಾಲ ತಣ್ಣಗಿರು.

ನಿನ್ನ
ಅಪ್ಪ

ಕೊನೆಯಲ್ಲೊಂದು ಮಾತು. ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಆ ದಿನ ನೀನು ತುಕ್ಕಿನ ಬಣ್ಣಕ್ಕೆ ತಿರುಗಿದ ಕಾಗದ ಹಿಡಿದು ನನ್ನ ಮೇಜಿನ ಹತ್ತಿರ ಬಂದಿದ್ದೆ. "ಅಪ್ಪಾ, ಸೋಸಿ ಕಳಿಸಿದ್ರೆ ಪರವಾಗಿಲ್ವಾ?" ಅಂತ ಕೇಳಿದ್ದೆ. ಉತ್ತರಪತ್ರಿಕೆ ತಿದ್ದುತ್ತಿದ್ದ ನಾನು ತಲೆಯೆತ್ತದೆ "ಹೂಂ, ಜಾಣೆ" ಅಂದೆ. ಎಂಜಿನಿಯರ್ ಕೇಳಿದಾಗ ಪಿಂಚಣಿ ನಿಂತೀತೆಂದು ಹೆದರಿದೆ. ಮಕ್ಕಳು ನನಗೆ ತಿಳಿಸದೆ ಸೋಸಿದರು ಎಂದು ಬರೆದುಕೊಟ್ಟು ಸಹಿ ಹಾಕಿದೆ. ಸೋಸಿದವರು ಯಾರು ಎಂದು ಕೇಳಿದ್ದ ಜಾಗದಲ್ಲಿ ನಿನ್ನ ಹೆಸರು ಬರೆದಿದ್ದೇನೆ.